ಅತ್ತಿಗೆಯ ಪೊದೆಯಲ್ಲಿ ಬಿಟ್ಟುಬಂದ ಕರು

ನಿಮ್ಮ ಹೊಲದಲ್ಲಿ ಸತ್ತ ನನ್ನ ಕರುವನ್ನು ಚಿರತೆ ಹಿಡಿಯಲಿಲ್ಲ, ಅತ್ತಿಗೆ. ಅದನ್ನು ಅಲ್ಲಿ ಬಿಟ್ಟುಬಂದವನು ನಾನು. ಕೊಂದದ್ದು ಬೀದಿನಾಯಿಗಳು. ಚಿರತೆ ಅಂತ ಸುಳ್ಳು ಹೇಳಿದ್ದು ಈ ಬಾಯಿ.

ಸೀಮೆಹಸುವಿನ ಗಂಡುಕರು. ಹುಟ್ಟಿ ಎಂಟು ದಿನವೂ ಆಗಿರಲಿಲ್ಲ. ಹೆಣ್ಣಾಗಿದ್ದರೆ ಬೀದಿಗೆಲ್ಲ ಗಿಣ್ಣು ಹಂಚುತ್ತಿದ್ದೆ. ಗಂಡು — ಡೇರಿಗೆ ಹಾಕುವ ಹಾಲು ಕುಡಿಯುವ ದಂಡಪಿಂಡ. ಹೆಗಲ ಮೇಲೆ ಹೊತ್ತು ತಂದು ನಿಮ್ಮ ಪೊದೆಯೊಳಗೆ ಇಳಿಸಿದೆ. ನನ್ನ ಬೆರಳು ಚೀಪುತ್ತಿತ್ತು, ಕಿತ್ತುಕೊಂಡು ಬಂದೆ. ನಮ್ಮ ಕಡೆ ಗಂಡುಕರುಗಳು ಎಲ್ಲಿಗೆ ಹೋಗುತ್ತವೆ ಎಂದು ಯಾರೂ ಕೇಳುವುದಿಲ್ಲ. ಸಂಕ್ರಾಂತಿ ಬಂದರೆ ಮಾತ್ರ ಹಸುಗಳ ಮೈತೊಳೆದು, ಅರಿಶಿನ ಬಳಿದು, ಕಿಚ್ಚು ಹಾಯಿಸುತ್ತೇವೆ. ಥೂ, ನಮ್ಮ ಭಕ್ತಿಗಿಷ್ಟು!

ನಿಮ್ಮ ಮೇಲೆ ನನಗೆ ಸಿಟ್ಟೂ ಇತ್ತು. ಆ ಎರಡು ಎಕರೆಯಲ್ಲಿ ವರ್ಷಗಟ್ಟಲೆ ದನದ ಮೇವಿಗೆ ಮುಸುಕಿನ ಜೋಳ ಬೆಳೆದವರು ನೀವು. ಅಣ್ಣ ತೀರಿಕೊಂಡು, ಹಸುಗಳನ್ನು ಮಾರಿದ ಮೇಲೆ, "ಈ ಭೂಮಿ ನಮ್ಗೆ ದುಡ್ದಿದ್ದು ಸಾಕು ಕಣಪ್ಪ, ಇನ್ನ ಅದ್ರ ಪಾಡ್ಗೆ ಅದು ಬೆಳ್ಕೊಳ್ಲಿ ಬುಡು" ಅಂದಿರಿ. ನಾಲ್ಕು ವರ್ಷಕ್ಕೆ ತಂಗಡಿ, ಲಕ್ಕಿ, ಹೊಂಗೆ, ಬೇವು ಎದ್ದವು. ಗೌಜಲಹಕ್ಕಿಗಳು ಮರಿ ಮಾಡಿದವು. ನನಗೆ ಕಂಡದ್ದು ನನ್ನ ಐದು ಹಸುಗಳಿಗೆ ತಪ್ಪಿದ ಮೇವು ಮಾತ್ರ. ಗುತ್ತಿಗೆಗೆ ಕೇಳಿದೆ, ನೀವು ಕೊಡಲಿಲ್ಲ.

ನಾಯಿಗಳು ಅರ್ಧ ತಿಂದು ಬಿಟ್ಟ ಕರುವಿನ ಸುತ್ತ ಊರು ಸೇರಿ ನನ್ನತ್ತ ತಿರುಗಿದಾಗ ನಿಜ ಹೇಳಬಹುದಿತ್ತು. "ಚಿರ್ತೆ ಕಣ್ರಲಾ! ಈ ಪೊದೆವೊಳಕ್ಕೇ ನುಗ್ತು, ನಾನೇ ಕಣ್ಣಾರೆ ನೋಡ್ದೆ" ಅಂದೆ. ಮುತ್ತತ್ತಿ ಕಾಡಿನ ಅಂಚಿನ ಊರಲ್ಲಿ ಆ ಮಾತಿಗೆ ಸಾಕ್ಷಿ ಬೇಕೆ? ಅರಣ್ಯ ಇಲಾಖೆಯವರು ಬೋನು ಇಟ್ಟರು, ಏನೂ ಬೀಳಲಿಲ್ಲ. ಆದರೂ ಊರವರು ಜೆಸಿಬಿ ತರಿಸಿದರು. ಒಂದೇ ಬೆಳಗ್ಗೆ ಎಲ್ಲ ಬೇರುಸಮೇತ ಹೋಯಿತು. ಗೌಜಲಹಕ್ಕಿಗಳು ಮರಿ ಕಟ್ಟಿಕೊಂಡು ಓಡುವುದನ್ನು ನೋಡಿ ಜನ ನಕ್ಕರು. ನಾನೂ ನಕ್ಕೆ.

ನೀವಾದರೂ ನನ್ನ ಮುಖಕ್ಕೆ ಉಗಿಯಬಾರದಿತ್ತೆ? ಕೈ ಹಿಡಿದುಕೊಂಡು, "ನನ್ ಅಟಕ್ಕೆ ನಿನ್ ಕರ ಓಯ್ತಲ್ಲಪ್ಪಾ, ತಪ್ಪಾಯ್ತು. ಈ ವೊಲ್ದಲ್ಲಿ ನಿನ್ ದನ್ಗೋಳ್ಗೆ ಮೇವು ಆಕ್ಕೊ" ಅಂದಿರಿ. ನಾನು — ಹೂಂ ಅಂದೆ.

ಮೂರು ವರ್ಷ ಅಲ್ಲಿ ಜೋಳ ಬೆಳೆದೆ. ನೀವು ಆ ಕಡೆ ಕಾಲಿಡುವುದನ್ನೇ ಬಿಟ್ಟಿರಿ. ಇವತ್ತಿಗೂ ನನ್ನನ್ನು ಕಂಡರೆ ಆ ಕರುವಿನ ಮಾತೆತ್ತಿ ಕಣ್ಣೊರೆಸಿಕೊಳ್ಳುತ್ತೀರಿ. ನಾನು ಎಸೆದ ಕರುವಿಗಾಗಿ ಅತ್ತವರು ಈ ಊರಲ್ಲಿ ನೀವೊಬ್ಬರೇ, ಅತ್ತಿಗೆ. ಅದಕ್ಕೆ ನನ್ನ ಮೇಲೆ ನನಗೇ ಮೈ ಉರಿಯುತ್ತದೆ.

ಈ ಸಲ ಬಿತ್ತಿಲ್ಲ. ಇನ್ನು ಬಿತ್ತುವುದೂ ಇಲ್ಲ. ನಾಳೆ ನಿಮ್ಮ ಜಗಲಿಗೆ ಬಂದು ಇದನ್ನು ಮೊದಲು ನಿಮಗೇ ಹೇಳುತ್ತೇನೆ. ಅಲ್ಲಿಂದ ನೇರ ಡೇರಿಗೆ ಹೋಗಿ, ಹಾಲು ಹಾಕಲು ನಿಂತವರೆಲ್ಲರ ಎದುರಿಗೆ ಇದನ್ನೇ ಹೇಳುತ್ತೇನೆ. ಕ್ಷಮಿಸಿ ಅಂತ ಕೇಳುವುದಿಲ್ಲ. ನಿಮ್ಮಿಂದ ಏನೂ ತಪ್ಪಾಗಿರಲಿಲ್ಲ — ಅದು ನಿಮಗೆ ಗೊತ್ತಾಗಬೇಕು.