ಕಾಂಚ್ ಎಂದರೆ ಗಾಜು

ಏಳು ವರ್ಷದ ಹಿಂದೆ, ಮಾರ್ಚ್ ತಿಂಗಳ ಒಂದು ಶನಿವಾರ ಮಧ್ಯಾಹ್ನ, ಸರೋಜಿನಿ ನಗರದ ಕನ್ನಡಕದ ಅಂಗಡಿಯಲ್ಲಿ ನಾನು ಕೌಂಟರಿನ ಎಡತುದಿಗೆ ನಿಂತಿದ್ದೆ. ನೀನು ನನ್ನ ಬಲಕ್ಕೆ, ಕನ್ನಡಿಯ ಮುಂದಿನ ಸ್ಟೂಲಿನ ಮೇಲೆ ಕೂತಿದ್ದೆ. ನಿನ್ನ ಹೊಸ ಕನ್ನಡಕದಲ್ಲಿರುವುದು ಗಾಜು ಎಂದು ಅಂಗಡಿಯ ಸತ್ಪಾಲ್ ಹೇಳಿದರು. ನನಗೆ ಅರ್ಥವಾಯಿತು, ವಿನ್ಸೆಂಟ್. ನಿನಗೆ ನಾನು ಹೇಳಲಿಲ್ಲ.

ಅದಕ್ಕೂ ಹಿಂದಿನ ಶನಿವಾರದಿಂದ ಹೇಳಬೇಕು. ನೀನು ಮಂಗಳೂರಿನಿಂದ ವರ್ಗವಾಗಿ ಬಂದು ತಿಂಗಳೂ ಆಗಿರಲಿಲ್ಲ. ಹಿಂದಿ ಬಾರದು ಎಂದು ನನ್ನನ್ನು ಜೊತೆಗೆ ಕರೆದೊಯ್ದೆ. ನಿನ್ನ ಎಡಗಣ್ಣು ಚಿಕ್ಕಂದಿನಿಂದಲೇ ಮಂಜು, ನೋಟವೆಲ್ಲ ಬಲಗಣ್ಣಿನದು. ಹಾಗಾಗಿ ಒಡೆಯದ ಲೆನ್ಸೇ ಬೇಕು, ಪಾಲಿಕಾರ್ಬೊನೇಟ್ ಹಾಕಿಸಿ ಎಂದು ಡಾಕ್ಟರು ಹೇಳಿದ್ದರು. ಅಷ್ಟು ಹೇಳಿಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ನೀನು ಓದಿಕೊಂಡು ಬಂದಿದ್ದೆಯಲ್ಲ!

“ಪಾಲಿಕಾರ್ಬೊನೇಟಿಗೆ ಬೇಗ ಗೀರು ಬೀಳ್ತದಂತೆ, ಕೇಳು ಮಾರಾಯ.” ಕೇಳಿದೆ. “ಅಂಚಿನಲ್ಲಿ ಬಣ್ಣ ಬಣ್ಣ ಕಾಣ್ತದಂತೆ, ಕೇಳು.” ಕೇಳಿದೆ. “ಹೈ ಇಂಡೆಕ್ಸ್ ತೆಳು ಉಂಟಲ್ಲ, ಅದು ಪೆಟ್ಟು ತಡೀತದಾ?” ಅದನ್ನೂ ಕೇಳಿದೆ. ಉತ್ತರ ಬಂದ ಮೇಲೆ ಮತ್ತೆ ಮೊದಲಿನಿಂದ. ಸತ್ಪಾಲ್ ನನ್ನ ಕಡೆ ಬಾಗಿ, “ಆಪ್‌ಕೇ ದೋಸ್ತ್ ಚಶ್ಮಾ ಲೇನೇ ಆಯೇ ಹೈಂ, ಯಾ ಶಾದೀ ಕರ್ನೇ?” ಅಂದರು – ಕನ್ನಡಕ ಕೊಳ್ಳಲು ಬಂದಿದ್ದಾರೋ, ಮದುವೆಯಾಗಲೋ ಎಂದು. ನಾನು ನಕ್ಕೆ. ಅದನ್ನು ನಿನಗೆ ಅನುವಾದಿಸಲಿಲ್ಲ.

ಅಷ್ಟರಲ್ಲಿ ನಿನಗೆ ಆಫೀಸಿನಿಂದ ಫೋನ್ ಬಂತು, ನೀನು ಹೊರಗೆ ಹೋದೆ. ಸಾಕಾಗಿ ಹೋಗಿತ್ತು ನನಗೆ. “ಭಯ್ಯಾ, ಅಚ್ಛಾವಾಲಾ ಗ್ಲಾಸ್ ಡಾಲ್ ದೋ, ಸಬ್‌ಸೇ ಸಾಫ್,” ಅಂದೆ – ಒಳ್ಳೆಯ ಗ್ಲಾಸ್ ಹಾಕಿಬಿಡಿ, ಎಲ್ಲಕ್ಕಿಂತ ನಿಚ್ಚಳವಾದದ್ದು ಎಂದು. ನಾವು ಕನ್ನಡದಲ್ಲಿ ಹೇಗೆ ಹೇಳುತ್ತೇವೆ? ಲೆನ್ಸು ಯಾವುದೇ ಇರಲಿ, ‘ಗ್ಲಾಸ್ ಬದಲಾಯಿಸಬೇಕು’ ಅನ್ನುತ್ತೇವೆ. ನಾನೂ ಹಾಗೇ ಅಂದದ್ದು. ಅವರಿಗೆ ಗ್ಲಾಸ್ ಅಂದರೆ ನಿಜವಾದ ಗಾಜು. “ಗ್ಲಾಸ್? ಪಕ್ಕಾ?” ಎಂದು ಅವರು ಕೇಳಿದರು. “ಪಕ್ಕಾ,” ಅಂದೆ. ನೀನು ಒಳಗೆ ಬಂದಾಗ, “ಎಲ್ಲ ಹೇಳಿದ್ದೀನಿ, ಹೊರಡಪ್ಪ,” ಅಂದೆ.

ಅಲ್ಲಿಯವರೆಗೆ ಅದು ತಪ್ಪು ಮಾತು, ಅಷ್ಟೆ. ಅಲ್ಲಿಗೇ ನಿಂತಿದ್ದರೆ –

ಮುಂದಿನ ಶನಿವಾರ ಸತ್ಪಾಲ್ ಕನ್ನಡಕವನ್ನು ಒರೆಸಿ ನಿನ್ನ ಕೈಗಿಟ್ಟರು. “ಗಿರ್ನೇ ಮತ್ ದೇನಾ. ಕಾಂಚ್ ಹೈ.”

“ಎಂತ ಹೇಳಿದ ಮಾರಾಯ?” ಅಂದೆ ನೀನು.

“ಬೀಳಿಸ್ಬೇಡಿ ಅಂದ್ರು.”

ಎರಡು ವಾಕ್ಯದಲ್ಲಿ ಒಂದನ್ನು ಮಾತ್ರ ಹೇಳಿದೆ. ನೀನು ಹಾಕಿಕೊಂಡು ರಸ್ತೆಯ ಕಡೆ ನೋಡಿದೆ. “ಅಬ್ಬಾ, ಬಣ್ಣದ ಅಂಚೇ ಇಲ್ಲ! ಸ್ವಲ್ಪ ಭಾರ ಉಂಟು, ಅಲ್ವಾ?”

“ಹೊಸದಲ್ವಾ, ಅಭ್ಯಾಸ ಆಗುತ್ತೆ.”

ಇದು ಸುಳ್ಳು. ತಿಳಿದೇ ಹೇಳಿದ ಸುಳ್ಳು. ಯಾಕೆ ಅಂದರೆ – ಹೇಳಿದ್ದರೆ ಲೆನ್ಸು ವಾಪಸು, ಮತ್ತೆ ಗೀರು, ಮತ್ತೆ ಬಣ್ಣ, ಮತ್ತೆ ‘ಕೇಳು ಮಾರಾಯ’. ಇನ್ನೊಂದು ಶನಿವಾರ ನಿನ್ನ ಜೊತೆ ಆ ಸ್ಟೂಲಿನ ಪಕ್ಕ ನಿಲ್ಲುವುದು ನನಗೆ ಬೇಡವಾಗಿತ್ತು. ಇದಕ್ಕಿಂತ ದೊಡ್ಡ ಕಾರಣ ಹುಡುಕಿದೆ. ಇಲ್ಲ.

ಆ ಮಳೆಗಾಲದಲ್ಲಿ, ಗಾಜಿಯಾಬಾದಿನ ನಿಮ್ಮ ಮನೆಯಲ್ಲಿ ನೀನು ನೆಲದ ಮೇಲೆ ಮಲಗಿ ಮಗಳನ್ನು ಆಡಿಸುತ್ತಿದ್ದೆ. ಅನಿಟಾಗೆ ಆಗ ಮೂರು ವರ್ಷ. ಅವಳು ಎಸೆದ ಮರದ ಆಟಿಕೆ ಕನ್ನಡಕಕ್ಕೆ ಬಡಿದು, ಗಾಜು ಒಡೆದು ಚೂರು ಬಲಗಣ್ಣಿಗೇ ಹೋಯಿತು. ಆಸ್ಪತ್ರೆಯಲ್ಲಿ ನಾನೂ ಇದ್ದೆ. “ಪಾಲಿಕಾರ್ಬೊನೇಟ್ ಹೀಗೆ ಚೂರಾಗೋದಿಲ್ಲವಲ್ಲ,” ಎಂದು ಡಾಕ್ಟರು ನಮ್ಮಿಬ್ಬರನ್ನೂ ನೋಡಿದರು. ನಾನು ನೆಲ ನೋಡಿದೆ. ಅಂಗಡಿಯವ ಮೋಸ ಮಾಡಿದ ಎಂದು ನೀನೇ ತೀರ್ಮಾನಿಸಿದೆ. ಹೋಗಿ ಕೇಳೋಣ ಎಂದು ನೀನು ಅಂದಾಗ ನಾನು, “ಬಿಡು, ಅವನ ಜೊತೆ ಜಗಳ ಆಡಿ ಕಣ್ಣು ವಾಪಸ್ ಬರುತ್ತಾ?” ಅಂದೆ. ಅದನ್ನು ನೀನು ಸ್ನೇಹಿತನ ಬುದ್ಧಿಮಾತು ಎಂದುಕೊಂಡೆ. ಈಗಲೂ ಊರಿನಿಂದ ಹೊಸದಾಗಿ ಬಂದವರಿಗೆಲ್ಲ ಆ ಅಂಗಡಿಗೆ ಹೋಗಬೇಡಿ ಅನ್ನುತ್ತೀಯ. ನಾನು ಪಕ್ಕದಲ್ಲೇ ಕೂತು ಚಹಾ ಕುಡಿಯುತ್ತೇನೆ. ನನ್ನ ಮೇಲೆ ನನಗೇ ಎಷ್ಟು ಸಿಟ್ಟು ಬರುತ್ತದೆ ಅಂದರೆ – ಆದರೂ ಕುಡಿಯುತ್ತೇನೆ.

ಹೀಗೇ ಇದ್ದುಬಿಡುತ್ತಿದ್ದೆನೇನೋ. ಕಳೆದ ಭಾನುವಾರ ನಿಮ್ಮ ಕಟ್ಟಡದ ಕೆಳಗೆ ಮಕ್ಕಳು ಚೆಂಡು ಆಡುತ್ತಿದ್ದರು. ಚೆಂಡು ಅನಿಟಾಳ ಕಾಲ ಬಳಿ ಬಂತು. “ಅರೇ ಫೇಂಕ್ ನಾ!” ಎಂದು ಅವರು ಕೂಗಿದರೆ ಅವಳು ಕೈ ಹಿಂದೆ ಕಟ್ಟಿಕೊಂಡಳು. ಕೊನೆಗೆ ಕಾಲಿನಿಂದ ಮೆಲ್ಲಗೆ ತಳ್ಳಿದಳು. ಯಾಕಮ್ಮ ಎಸೆಯಲಿಲ್ಲ, ಎಂದು ಕೇಳಿದೆ.

“ನಾನು ಥ್ರೋ ಮಾಡಲ್ಲ ಅಂಕಲ್. ಪಪ್ಪಾ ಕೀ ಆಂಖ್ ಮೈನೇ ಹೀ ತೋ ಖರಾಬ್ ಕೀ ಥೀ.”

ಪಪ್ಪನ ಕಣ್ಣು ಕೆಡಿಸಿದವಳು ನಾನೇ ತಾನೆ – ಹೆಸರು ಕೇಳಿದರೆ ಹೇಳುವಷ್ಟು ಸಹಜವಾಗಿ ಹೇಳಿದಳು. ಹತ್ತು ವರ್ಷದ ಹುಡುಗಿ.

ಆಟಿಕೆ ಎಸೆದದ್ದು ಅವಳೇ. ಮೂರು ವರ್ಷದ ಮಗು ಎಸೆಯುತ್ತದೆ. ಕಣ್ಣಿನ ಮುಂದೆ ಗಾಜು ಇರುವ ಹಾಗೆ ಮಾಡಿದವನು ನಾನು. ಇದನ್ನು ಅವಳಿಗೆ ನಾನೇ, ಅವಳಿಗೆ ಸಲೀಸಾದ ಹಿಂದಿಯಲ್ಲೇ, ಒಂದು ಪದವನ್ನೂ ಬಿಡದೆ ಹೇಳಬೇಕು. ಈ ಭಾನುವಾರ ಬರುತ್ತೇನೆ. ನೀನು ಬಾಗಿಲು ತೆಗೆಯದಿದ್ದರೆ ಅವಳಿಗೆ ನೀನೇ ಹೇಳು. ನನ್ನ ಹೆಸರು ಹಿಡಿದು ಹೇಳು.

ನನ್ನ ಮಾತೊಂದನ್ನೇ ನಂಬಬೇಡ. ಸತ್ಪಾಲ್ ಇದ್ದಾರೆ, ಅದೇ ಅಂಗಡಿಯಲ್ಲಿ ಈಗಲೂ ಕೂರುತ್ತಾರೆ. ಅವರು ನಿನ್ನಿಂದ ಏನೂ ಮುಚ್ಚಿಡಲಿಲ್ಲ. ನನ್ನ ಹೆಂಡತಿ ರೇಖಾ ಇದ್ದಾಳೆ. ಅವಳು ಆ ಮಧ್ಯಾಹ್ನ ಬಟ್ಟೆಯ ಚೀಲಗಳನ್ನು ಹಿಡಿದು ಅಂಗಡಿಯ ಬಾಗಿಲಲ್ಲಿ ನಿಂತಿದ್ದಳು. ದೆಹಲಿಯಲ್ಲೇ ಬೆಳೆದವಳು, ‘ಕಾಂಚ್’ ಅಂದದ್ದು ಅವಳಿಗೂ ಕೇಳಿಸಿತ್ತು. ಮನೆಗೆ ಬರುವಾಗ ಆಟೋದಲ್ಲಿ, “ಅವರಿಗೆ ಪೂರ್ತಿ ಹೇಳಿದ್ರಿ ತಾನೆ?” ಎಂದು ಕೇಳಿದಳು. ಹೂಂ ಅಂದೆ.