ಕಾಶಿಯಲ್ಲಿ ಬಿಟ್ಟ ಪೇಢೆ

ಕಾಶಿಗೆ ಹೋದವರು ತಿನ್ನುವ ಪದಾರ್ಥ ಏನಾದರೊಂದನ್ನು ಬಿಟ್ಟು ಬರಬೇಕು. ನಮ್ಮ ಧಾರವಾಡದವರು ಸಾಮಾನ್ಯವಾಗಿ ಹಾಗಲಕಾಯಿ ಬಿಡುತ್ತಾರೆ.

ಯಾಕೆ ಎಂದು ಕೇಳಬೇಡಿ. ಹುಟ್ಟಿದಾಗಿನಿಂದ ಯಾವುದನ್ನು ಕಂಡರೆ ಮುಖ ಹಿಂಡುತ್ತಾರೋ ಅದನ್ನೇ ಗಂಗೆಯ ದಂಡೆಯಲ್ಲಿ ನಿಂತು ತ್ಯಾಗ ಮಾಡಿ, ಪುಣ್ಯ ಕಟ್ಟಿಕೊಂಡು ರೈಲು ಹತ್ತುತ್ತಾರೆ. ವಿಶ್ವನಾಥನಿಗೂ ಈ ವ್ಯವಹಾರ ಗೊತ್ತಿರಬೇಕು. ದೊಡ್ಡವನು, ಸುಮ್ಮನಿದ್ದಾನೆ.

ನನ್ನ ಗೋದಾ ಅತ್ಯಾ (ನಮ್ಮ ತಂದೆಯ ತಂಗಿ) ಕೂಡ ಹಾಗಲಕಾಯಿಯನ್ನೇ ಬಿಟ್ಟು ಬಂದಿದ್ದಳು. ಬಂದ ವರ್ಷವೇ ಅವಳಿಗೆ ವಿಪರೀತ ನೀರಡಿಕೆ, ಸುಸ್ತು. ನಮ್ಮ ಮನೆ ಡಾಕ್ಟರು ಅವಳ ಮೂತ್ರಕ್ಕೆ ನೀಲಿ ಔಷಧ ಬೆರೆಸಿ, ಗಾಜಿನ ನಳಿಗೆಯಲ್ಲಿ ಕಾಯಿಸಿದರು. ನೀಲಿ ಹೋಗಿ ಇಟ್ಟಿಗೆ ಬಣ್ಣ ಬಂತು. ಸಿಹಿಮೂತ್ರದ ಜಡ್ಡು, ಇನ್ನು ಸಕ್ಕರೆ, ಬೆಲ್ಲ ಬಂದ್ ಎಂದರು. ಓಣಿಯ ವೈದ್ಯರನ್ನು ಕೇಳಿದರೆ ಅವರು ದಿನಾ ಮುಂಜಾನೆ ಹಾಗಲಕಾಯಿ ರಸ ಕುಡಿಯಿರಿ ಎಂದರು.

ಆಯಿತಲ್ಲ ಫಜೀತಿ? ಯಾವುದನ್ನು ಬಿಟ್ಟಳೋ ಅದೇ ಔಷಧ!

ಅತ್ಯಾ ಧೃತಿಗೆಡುವವಳಲ್ಲ. ಒಂದು ದಿನ ಕೂತು ಯೋಚಿಸಿ ವಿಶ್ವನಾಥನ ಜೊತೆ ಅದಲುಬದಲು ಮಾಡಿಕೊಂಡಳು. ಹಾಗಲಕಾಯಿ ವಾಪಸ್ ತೆಗೆದುಕೊಂಡಳು, ಸಿಹಿ ಕೊಟ್ಟಳು. ಅಂದಿನಿಂದ ಯಾರು ಪೇಢೆ ಮುಂದೆ ಹಿಡಿದರೂ ಒಂದೇ ಉತ್ತರ: ಕಾಶಿಯಲ್ಲಿ ಬಿಟ್ಟಿದ್ದೇನೆ. ಓಣಿಯ ಹೆಂಗಸರು ಕೈಮುಗಿದರು. ಧಾರವಾಡದಲ್ಲಿ ಇದ್ದುಕೊಂಡು ಪೇಢೆ ಬಿಡುವುದೆಂದರೆ ಸಣ್ಣ ವೈರಾಗ್ಯವೇ?

ಈ ನಾಟಕ ಯಾಕೆ ಎನ್ನುತ್ತೀರಾ? ಮಗಳು ಇಂದೂನ ಸಲುವಾಗಿ. ಮ್ಯಾಟ್ರಿಕ್ ಮುಗಿಸಿದ ಹುಡುಗಿ, ಗುಣದಲ್ಲಿ ಬಂಗಾರ. ಆದರೆ 'ಆ ಮನೆತನದಲ್ಲಿ ಜಡ್ಡು ಅದ' ಎಂಬ ಮಾತು ಒಮ್ಮೆ ಹೊರಬಿದ್ದರೆ ಮುಗಿಯಿತು. ಮೆಟ್ಟಿಲು ಹತ್ತಬೇಕಾದ ವರನ ಕಡೆಯವರು ಅರ್ಧ ದಾರಿಯಲ್ಲೇ ಟಾಂಗಾ ತಿರುಗಿಸುತ್ತಾರೆ. ಆದ್ದರಿಂದ ಮನೆಯಲ್ಲಿ ಆ ಜಡ್ಡಿನ ಹೆಸರನ್ನೇ ಯಾರೂ ಎತ್ತುತ್ತಿರಲಿಲ್ಲ.

ಕೊನೆಗೊಂದು ಒಳ್ಳೆಯ ಸಂಬಂಧ ಬಂತು. ಹುಬ್ಬಳ್ಳಿಯ ಮನೆತನ, ಹುಡುಗನಿಗೆ ರೈಲ್ವೆಯಲ್ಲಿ ನೌಕರಿ. ಕನ್ಯೆ ನೋಡಲು ಅವನ ತಾಯಿ ಅಂಬಕ್ಕ ಬಂದರು. ಬಹಳ ಠೀವಿಯ ಹೆಂಗಸು. ಪೇಢೆಯ ತಾಟು ಬಂದಾಗ ಅತ್ಯಾ ತನ್ನ ಕಾಶಿಯ ಪಾಠ ಒಪ್ಪಿಸಿದಳು. ಅಂಬಕ್ಕ ಒಂದು ಪೇಢೆ ತೆಗೆದುಕೊಂಡು, ಮೊಮ್ಮಗನಿಗೆ ಎಂದು ಸೆರಗಿನ ತುದಿಗೆ ಕಟ್ಟಿಕೊಂಡರು. ಎಂಥ ಅಂತಃಕರಣದ ಅಜ್ಜಿ ಎಂದುಕೊಂಡೆ. (ಇದನ್ನು ನೆನಪಿಟ್ಟುಕೊಳ್ಳಿ.)

ಹುಡುಗಿ ಒಪ್ಪಿಗೆಯಾದಳು. ಆದರೆ ಅಂಬಕ್ಕನ ಕಣ್ಣು ಇಂದೂಗಿಂತ ಅತ್ಯಾನ ಗಲ್ಲದ ಮೇಲೆಯೇ ಇತ್ತು. ಗಲ್ಲ ಕಡುಬಿನಂತೆ ಊದಿತ್ತು. ಕಾರಣ ಏನು ಅಂತೀರಿ? ಪಿನ್ನು! ನಮ್ಮ ಹೆಂಗಸರ ಬಳೆಗೆ ಸದಾ ಒಂದು ಪಿನ್ನು ತೂಗುತ್ತಿರುತ್ತದೆ. ಸೆರಗಿಗೂ ಅದೇ, ಕಾಲಿನ ಮುಳ್ಳಿಗೂ ಅದೇ, ಊಟವಾದ ಮೇಲೆ ಹಲ್ಲಿನ ಸಂದಿಗೂ ಅದೇ. ಅತ್ಯಾ ಅದರಿಂದ ಕೆದರಿ ಕೆದರಿ ವಸಡಿಗೆ ಗಾಯ ಮಾಡಿಕೊಂಡು, ಒಂದು ದವಡೆಹಲ್ಲನ್ನೂ ಅಲುಗಾಡಿಸಿಕೊಂಡಿದ್ದಳು.

ಮುಂಬಯಿಯಲ್ಲಿ ಕಲಿತು ಬಂದ ಹಲ್ಲಿನ ಡಾಕ್ಟರೊಬ್ಬರು ಹುಬ್ಬಳ್ಳಿಯಲ್ಲಿ ಇದ್ದಾರೆ, ಸೋಮವಾರ ನನಗೂ ಅವರ ಹತ್ತಿರ ಕೆಲಸವಿದೆ, ನೀವೂ ರೈಲಿಗೆ ಬನ್ನಿ, ದವಾಖಾನೆಗೆ ಕೂಡಿಯೇ ಹೋಗೋಣ ಎಂದರು ಅಂಬಕ್ಕ. ಬೀಗಿತ್ತಿ ಆಗಲಿರುವವರು ಕರೆದರೆ ಒಲ್ಲೆ ಎನ್ನಲಾದೀತೇ?

ಜೊತೆಗೆ ಹೋಗಲು ಮನೆಯವರು ನನ್ನನ್ನು ಆರಿಸಿದರು. ನಾನು ವಕೀಲ. (ಕೇಸುಗಳು ಕಡಿಮೆ, ಇಲ್ಲದಿದ್ದರೆ ವಾರ ವಾರ ನಿಮಗೆ ಇದನ್ನೆಲ್ಲ ಬರೆಯುತ್ತಾ ಯಾಕೆ ಕೂಡುತ್ತಿದ್ದೆ?) ರೈಲು ಧಾರವಾಡ ಬಿಟ್ಟಿತೋ ಇಲ್ಲವೋ, ಅತ್ಯಾ ಊದಿದ ಗಲ್ಲದಿಂದಲೇ ಶುರು ಮಾಡಿದಳು.

"ಶೀನಾ, ಅಲ್ಲೆ ಆ ಜಡ್ಡಿನ ಹೆಸರು ನಿನ್ನ ಬಾಯಾಗ ಬಂತಂದ್ರ ನನ್ನ ಮ್ಯಾಲೆ ಆಣಿ ಅದ ನೋಡು."

ಆಣೆ ಮಾಡಿದೆ. ಹಲ್ಲು ಕೀಳಲು ಜಡ್ಡಿನ ಹೆಸರು ಯಾಕೆ ಬೇಕು ಎಂಬುದು ಅತ್ಯಾನ ವಾದ. ಹೊಟ್ಟೆಯ ಡಾಕ್ಟರಿಗೆ ಹೊಟ್ಟೆ, ಹಲ್ಲಿನ ಡಾಕ್ಟರಿಗೆ ಹಲ್ಲು. ಒಬ್ಬರ ಮಾತು ಇನ್ನೊಬ್ಬರಿಗೆ ಯಾಕೆ? ಕೇಳಲು ಎಷ್ಟು ಸಮಂಜಸವಾಗಿದೆ, ಅಲ್ಲವೇ?

ದುರ್ಗದಬೈಲಿನಲ್ಲಿ ಒಂದು ಅರಿವೆ ಅಂಗಡಿಯ ಅಟ್ಟದ ಮೇಲೆ ಆ ದವಾಖಾನೆ. ಕಿಡಕಿಯ ಹತ್ತಿರ ದೊಡ್ಡ ಕುರ್ಚಿ, ಪಕ್ಕದಲ್ಲಿ ಕಾಲಿನಿಂದ ತುಳಿದು ತಿರುಗಿಸುವ ಯಂತ್ರ. ಕುರ್ಚಿಗೂ ಕಾಯುವ ಬೆಂಚಿಗೂ ನಡುವೆ ಒಂದು ತೆಳು ಪರದೆ, ಅಷ್ಟೇ. ಬೆಂಚಿನ ಮೇಲೆ ನಮಗಿಂತ ಮೊದಲೇ ಬಂದು ಕೂತಿದ್ದ ಅಂಬಕ್ಕ. ಈ ಕಡೆ ಕೆಮ್ಮಿದರೆ ಆ ಕಡೆಯಿಂದ ನೀರು ಬೇಕೇ ಎಂದು ಕೇಳುವಷ್ಟು ಹತ್ತಿರ.

ಡಾಕ್ಟರು ಎಳೆಯ ವಯಸ್ಸಿನವರು, ನಗುಮುಖದವರು. ಬಾಯಿ ನೋಡುವ ಮೊದಲೇ ಕೇಳಿದರು: ಎದೆನೋವು? ದಮ್ಮು? ಸಿಹಿಮೂತ್ರ? ಅತ್ಯಾ ಪರದೆಯ ಕಡೆ ಒಮ್ಮೆ ನೋಡಿದಳು.

"ಏನೂ ಇಲ್ಲಪಾ. ಗುಂಡಕಲ್ಲಿನಂಗ ಇದ್ದೇನಿ."

ಡಾಕ್ಟರು ನಂಬಿದರು. ಪಾಪ, ಅವರು ವಕೀಲರಲ್ಲವಲ್ಲ. ಇಕ್ಕಳವನ್ನು ಕುದಿಯುವ ನೀರಿನಿಂದ ತೆಗೆದರು, ಸೂಜಿಗೆ ಔಷಧ ಏರಿಸಿದರು.

ನನಗೆ ಸುಮ್ಮನೆ ನಿಲ್ಲಲಾಗಲಿಲ್ಲ. ಕಾರಣ ಹೇಳುತ್ತೇನೆ. ನಮ್ಮ ತಂದೆಯೂ ಕಾಶಿಯಲ್ಲಿ ಸಿಹಿ ಬಿಟ್ಟವರೇ. ಸಂತೆಯಲ್ಲಿ ಕುರ್ಚಿ ಹಾಕಿಕೊಂಡು ಕೂತವನೊಬ್ಬನ ಹತ್ತಿರ ಹಲ್ಲು ಕೀಳಿಸಿಕೊಂಡು, ನಗುತ್ತಲೇ ಮನೆಗೆ ಬಂದರು. ಗಾಯ ಮಾಯಲಿಲ್ಲ. ದವಡೆ ಬಾತು, ಜ್ವರ ಏರಿ, ಎಚ್ಚರ ತಪ್ಪಿ ಮಲಗಿದವರು ಏಳಲಿಲ್ಲ. ನಾವು ದೃಷ್ಟಿ ತಾಕಿತೆಂದೆವು. ಎಲ್ಲ ಮುಗಿದ ಮೇಲೆ ಮನೆ ಡಾಕ್ಟರು ಹೇಳಿದರು, ರಕ್ತದಲ್ಲಿ ಸಕ್ಕರೆ ಏರಿದ್ದಾಗ ಬಾಯೊಳಗೆ ಗಾಯ ಮಾಡಬಾರದು, ನನ್ನನ್ನು ಒಂದು ಮಾತು ಕೇಳಿದ್ದರೆ ಆಗುತ್ತಿತ್ತು ಎಂದು. ಆ ಮಾತು ಇವತ್ತಿಗೂ ನನ್ನ ಎದೆಯಲ್ಲಿ ಚುಚ್ಚುತ್ತದೆ.

ಈಗ ಅದೇ ಅಪ್ಪನ ತಂಗಿ ಬಾಯಿ ತೆರೆದು ಕೂತಿದ್ದಾಳೆ. ಹೇಳಿದರೆ ಇಂದೂನ ಲಗ್ನ ಮುರಿಯುತ್ತದೆ. ಹೇಳದಿದ್ದರೆ?

ಆಣೆ ಮಾಡಿದ್ದು ಏನು? ಜಡ್ಡಿನ ಹೆಸರು ಬಾಯಲ್ಲಿ ಬರಬಾರದು. ಸರಿ, ಹೆಸರು ತಾನೇ? ವಕೀಲಿ ಓದಿದ್ದು ಆ ದಿನ ಒಂದು ಸಲ ಉಪಯೋಗಕ್ಕೆ ಬಂತು. ಗಂಟಲು ಸರಿಮಾಡಿಕೊಂಡು ಕೇಳಿದೆ.

"ಡಾಕ್ಟರ, ಕಾಶ್ಯಾಗ ಹಾಗಲಕಾಯಿ ಬಿಟ್ಟವರು, ನೀಲಿ ಔಷಧ ಇಟ್ಟಂಗಿ ಬಣ್ಣಕ್ಕ ತಿರುಗಿದ ಮ್ಯಾಲೆ ಅದನ್ನ ವಾಪಸ್ ತಗೊಂಡು ಸಿಹಿ ಬಿಟ್ರ, ಅಂಥವರ ಹಲ್ಲು ಇವತ್ತ ಕೀಳಬಹುದೇನ್ರಿ?"

ಡಾಕ್ಟರು ನನ್ನ ಮುಖ ನೋಡಿದರು, ಅತ್ಯಾನ ಮುಖ ನೋಡಿದರು, ಇಕ್ಕಳವನ್ನು ತಾಟಿನಲ್ಲಿ ಇಟ್ಟರು. ಇವತ್ತು ಮುಟ್ಟುವುದಿಲ್ಲ ಎಂದರು. ಅತ್ಯಾ ನನ್ನನ್ನು ಹುರಿದು ಮುಕ್ಕುವಂತೆ ನೋಡಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಸಣ್ಣ ದನಿಯಲ್ಲಿ, "ಇಂದೂನ ಬಾಳು ನೀರಾಗ ಹಾಕಿದಿ," ಎಂದಳು.

ಪರದೆಯ ಆಚೆ ಬೆಂಚು ಕಿರ್ರೆಂದಿತು. ಅಂಬಕ್ಕ ಪರದೆ ಸರಿಸಿ ಒಳಗೆ ಬಂದರು. ಸಂಬಂಧ ಬೇಡ ಎನ್ನುವುದನ್ನು ಇಷ್ಟು ಲಗೂ ಹೇಳುತ್ತಾರೆಯೇ ಎಂದು ನಾನು ತಲೆ ತಗ್ಗಿಸಿದೆ. ಅವರು ನಮ್ಮ ಕಡೆ ನೋಡಲೇ ಇಲ್ಲ. ನೇರವಾಗಿ ಡಾಕ್ಟರ ಮುಂದೆ ಹೋಗಿ ನಿಂತರು.

"ಡಾಕ್ಟರ, ದೀಪಾವಳಿ ಮುಂದ ನನ್ನ ಹಲ್ಲು ಕಿತ್ರಿ. ಸಂಕ್ರಮಣ ಬಂದ್ರೂ ಗಾಯ ಮಾಯ್ಲಿಲ್ಲ. ಅದು ನಿಮ್ಮ ಕೈ ತಪ್ಪಲ್ಲ. ನಾನೂ ಕಾಶ್ಯಾಗ ಸಿಹಿ ಬಿಟ್ಟಾಕಿನ." ಸ್ವಲ್ಪ ತಡೆದು, "ಖರೇ ಹೇಳಬೇಕಂದ್ರ, ನಾ ಕಾಶೀನ ನೋಡಿಲ್ಲ," ಎಂದರು.

ಡಾಕ್ಟರು ಹತ್ತಿರವಿದ್ದ ಸ್ಟೂಲಿನ ಮೇಲೆ ಕುಳಿತುಬಿಟ್ಟರು. ಆ ಗಾಯದ ಸಲುವಾಗಿ ಅವರು ತಮ್ಮ ಇಕ್ಕಳವನ್ನು ಬೈದಿದ್ದರಂತೆ, ಕುದಿಸಿದ ನೀರನ್ನು ಸಂಶಯಿಸಿದ್ದರಂತೆ, ಕಡೆಗೆ ಈ ಕಸುಬೇ ನನಗೆ ಬರುವುದಿಲ್ಲವೇನೋ ಎಂದು ನಿದ್ದೆಗೆಟ್ಟಿದ್ದರಂತೆ. ಮೊದಲ ದಿನವೇ ಕೇಳಿದ್ದೆನಲ್ಲ, ಏನೂ ಇಲ್ಲ ಎಂದಿರಲ್ಲ ಎಂದರು. ಅಂಬಕ್ಕ ಸೆರಗು ಸರಿಮಾಡಿಕೊಂಡರು. (ಮೊಮ್ಮಗನ ಪೇಢೆ ನೆನಪಿದೆಯಲ್ಲ?)

ಆಮೇಲೆ ಅವರು ಅತ್ಯಾನ ಕಡೆ ತಿರುಗಿದರು. ಹುಡುಗಿಗೆ ಈ ಜಡ್ಡು ಇದೆಯೇ ಎಂದು ಕೇಳಿದರು. ಇಲ್ಲ ಎಂದಳು ಅತ್ಯಾ, ಕಣ್ಣೊರೆಸಿಕೊಳ್ಳುತ್ತ. ನನ್ನ ಮಗನಿಗೂ ಇಲ್ಲ ಎಂದರು ಅಂಬಕ್ಕ.

"ಮತ್ತ ಯಾಕ ಅಳ್ತೀರಿ? ಸುಳ್ಳು ಹೇಳೂದ್ರಾಗ ಇಬ್ರೂ ಸರಿಜೋಡಿ ಇದ್ದೇವಿ. ಇದಕ್ಕಿಂತ ಛಲೋ ಬೀಗರು ಎಲ್ಲಿ ಸಿಗ್ತಾರ?"

ಅತ್ಯಾ ಅಳುತ್ತಲೇ ನಕ್ಕಳು. ಊದಿದ ಗಲ್ಲದಲ್ಲಿ ನಗುವುದು ಸುಲಭವಲ್ಲ.

ಡಾಕ್ಟರು ಇಬ್ಬರನ್ನೂ ಎದುರಿಗೆ ಕೂಡಿಸಿಕೊಂಡರು. ಅತ್ಯಾನ ಹಲ್ಲು ಕೀಳುವುದು ಆಮೇಲೆ. ಮೊದಲು ಮನೆ ಡಾಕ್ಟರ ಕಡೆಯಿಂದ ಸಕ್ಕರೆ ಇಳಿಸಿಕೊಂಡು ಬರಬೇಕು, ಬೇಕಾದರೆ ಇನ್ಸುಲಿನ್ ಸೂಜಿ ತೆಗೆದುಕೊಳ್ಳಬೇಕು. ಅಲ್ಲಿಯವರೆಗೆ ಉಪ್ಪುನೀರಿನ ಮುಕ್ಕಳಿಕೆ. ಬಳೆಯ ಪಿನ್ನು ಹಲ್ಲಿನ ಹತ್ತಿರ ಬಂದರೆ ಜೋಕೆ. ಸಂದಿಯಲ್ಲಿ ಸಿಕ್ಕ ಅನ್ನ ಕೊಳೆತರೆ ವಸಡು ಬಾಯುತ್ತದೆ, ವಸಡು ಬಾತರೆ ಸಕ್ಕರೆ ಏರುತ್ತದೆ, ಸಕ್ಕರೆ ಏರಿದರೆ ವಸಡು ಇನ್ನಷ್ಟು ಬಾಯುತ್ತದೆ. ಆದ್ದರಿಂದ ದಿನಾ ರಾತ್ರಿ ಊಟವಾದ ಮೇಲೆ ಹಲ್ಲಿನ ಸಂದಿಯಲ್ಲಿ ಮೆಲ್ಲಗೆ ದಾರ ಆಡಿಸಬೇಕು ಎಂದು ಹೇಳಿ, ಮೇಣ ಹಚ್ಚಿದ ಒಂದು ವಿಲಾಯತಿ ದಾರ ತೋರಿಸಿದರು.

ಅತ್ಯಾನ ಅಳು ಅಲ್ಲಿಗೇ ನಿಂತಿತು. ವಿಲಾಯತಿ ದಾರವನ್ನು ಬಾಯಿಗೆ? ಯಾರು ಮುಟ್ಟಿದ್ದೋ, ಯಾವುದರಿಂದ ಮಾಡಿದ್ದೋ. ರಾತ್ರಿ ಹೊತ್ತು ಎಂಜಲು, ಮೈಲಿಗೆ! ಜೀವಕ್ಕಿಂತ ಮಡಿ ದೊಡ್ಡದು ನಮ್ಮಲ್ಲಿ. ಡಾಕ್ಟರು ನನ್ನ ಕಡೆ ನೋಡಿದರು. ನಾನು ಕಿಡಕಿಯ ಕಡೆ ನೋಡಿದೆ.

ದಾರ ಯಾವುದರದ್ದು ಎಂದು ಕೇಳಿದವರು ಅಂಬಕ್ಕ. ರೇಷ್ಮೆಯದು ಎಂದರು ಡಾಕ್ಟರು. ರೇಷ್ಮೆಯೇ? ರೇಷ್ಮೆಗೆ ಎಲ್ಲಿಯ ಮೈಲಿಗೆ! ಹಳೆಯ ಇಳಕಲ್ ಸೀರೆಯ ಸೆರಗಿನಲ್ಲಿ ಬೇಕಾದಷ್ಟು ರೇಷ್ಮೆ ಎಳೆ ಇರುತ್ತದೆ, ಬಿಡಿಸಿ ಬಿಸಿನೀರಲ್ಲಿ ತೊಳೆದು ಜೇನುಮೇಣ ತಿಕ್ಕಿದರಾಯಿತು, ವಿಲಾಯತಿಯ ಹಂಗೇಕೆ ಎಂದು ಅಲ್ಲಿಯೇ ತೀರ್ಪು ಕೊಟ್ಟರು. ಅತ್ಯಾ ಇನ್ನೂ ಒಂದು ಹೆಜ್ಜೆ ಮುಂದೆ ಹೋದಳು. ಏಕಾದಶಿ, ಅಮಾವಾಸ್ಯೆ, ಶ್ರಾದ್ಧದ ದಿನ ಬೇವಿನ ಕಡ್ಡಿ ಹಲ್ಲಿಗೆ ಹಚ್ಚಬಾರದು ಎಂದು ಶಾಸ್ತ್ರದಲ್ಲಿದೆ. ದಾರದ ಮಾತು ಎಲ್ಲಿಯೂ ಇಲ್ಲ. ಅಂದಮೇಲೆ ದಾರ ಎಲ್ಲ ದಿನವೂ ನಡೆಯುತ್ತದೆ! ಕೋರ್ಟಿನಲ್ಲಿ ಇಂಥ ಪಾಯಿಂಟು ನನಗೆ ಒಂದು ದಿನವಾದರೂ ಹೊಳೆದಿದೆಯೇ?

ತಿರುಗಿ ಬರುವಾಗ ರೈಲಿನ ಕಿಡಕಿಯಲ್ಲಿ ಉಣಕಲ್ ಕೆರೆ ಹಿಂದೆ ಸರಿಯಿತು. ಈಗ ಬೈಗುಳ ಬರುತ್ತದೆ ಎಂದು ನಾನು ಕಾಯುತ್ತಿದ್ದೆ. ಆಣೆ ಮುರಿದೆಯಲ್ಲೋ ಎಂದಳು ಅತ್ಯಾ. ಹೆಸರು ಹೇಳಲಿಲ್ಲವಲ್ಲ ಎಂದೆ. ಅವಳು ಸೆರಗಿನಿಂದ ಗಲ್ಲ ಒತ್ತಿಕೊಂಡಳು.

"ನಮ್ಮಣ್ಣನ ಮುಂದ ಯಾರರ ಹಿಂಗ ಆಣಿ ಮುರದಿದ್ರ, ಇಂದೂನ ಲಗ್ನದಾಗ ಅಂವಾ ಇರ್ತಿದ್ದ, ಶೀನಾ."

ನಾನು ಕಿಡಕಿಯ ಹೊರಗೆ ನೋಡುತ್ತ ಕುಳಿತೆ. ಕಣ್ಣಿಗೆ ಇಂಜಿನ್ನಿನ ಮಸಿ ಬಿದ್ದಿತು ಎಂದು ಅವಳಿಗೆ ಹೇಳಿದೆ. ಅವಳು ನಂಬಿದಂತೆ ಮಾಡಿದಳು.

ಸಕ್ಕರೆ ಇಳಿಯಿತು. ಡಾಕ್ಟರು ಹಲ್ಲು ಕಿತ್ತರು, ಗಾಯ ಚೆನ್ನಾಗಿ ಮಾಯಿತು. ಈಗ ರಾತ್ರಿ ಊಟವಾದ ಮೇಲೆ ಅತ್ಯಾ ಪಡಸಾಲೆಯಲ್ಲಿ ಕೂತು, ತನ್ನ ಲಗ್ನದ ಸೀರೆಯ ರೇಷ್ಮೆ ಎಳೆಯಿಂದ ಹಲ್ಲಿನ ಸಂದಿ ಸ್ವಚ್ಛ ಮಾಡುತ್ತಾಳೆ. ಮೊದಮೊದಲು ಮನೆಯ ಗಂಡಸರು ನಕ್ಕರು. ಈಗ ಆ ಸೆರಗು ಸಾಲುತ್ತಿಲ್ಲ.

ಹೋದ ವಾರ ಇಂದೂನ ಲಗ್ನವೂ ಆಯಿತು. ಊಟದ ಪಂಕ್ತಿಯಲ್ಲಿ ಅತ್ಯಾ, ಅಂಬಕ್ಕ ಪಕ್ಕಪಕ್ಕದಲ್ಲಿ. ಎದುರು ಪಂಕ್ತಿಯಲ್ಲಿ ಹಲ್ಲಿನ ಡಾಕ್ಟರು, ಅವರ ಬದಿಗೆ ನಾನು. ಬಡಿಸುವವನು ಬುಂದಿ ಲಾಡು ತಂದಾಗ ಅತ್ಯಾ ಎಲೆಗೆ ಕೈ ಅಡ್ಡ ಹಿಡಿದು, ಇಡೀ ಪಂಕ್ತಿಗೆ ಕೇಳುವಂತೆ, "ನಮಗಿಬ್ರಿಗೂ ಸಕ್ಕರಿ ಜಡ್ಡು ಅದ. ಮುಂದ ನಡಿ," ಎಂದಳು.

ಅವನು ಮುಂದೆ ನಡೆದ. ಆಚೆ ಕೂತಿದ್ದ ಹಿರಿಯರು ಕಾಶಿಯಲ್ಲಿ ಬಿಟ್ಟಿದ್ದೇನೆ ಎಂದರು. ಅವರ ಪಕ್ಕದವರೂ ಅದನ್ನೇ ಎಂದರು. ಅದರ ಆಚೆಯವರು ಲಾಡನ್ನು ಮೊಮ್ಮಗನಿಗೆಂದು ಶಲ್ಯದಲ್ಲಿ ಕಟ್ಟಿಕೊಂಡರು. ಡಾಕ್ಟರು ತಮ್ಮ ಲಾಡು ಎಲೆಯಲ್ಲಿ ಇಟ್ಟು, ಆ ಸಾಲಿನ ಒಬ್ಬೊಬ್ಬರ ಬಾಯನ್ನೂ ನೋಡತೊಡಗಿದರು.

ಅಂದಹಾಗೆ, ನೀವು ಕಾಶಿಯಲ್ಲಿ ಏನು ಬಿಟ್ಟು ಬಂದಿದ್ದೀರಿ? ನನಗೆ ಹೇಳಬೇಡಿ, ಹಲ್ಲಿನ ಡಾಕ್ಟರಿಗೆ ಹೇಳಿ.