ಬೆನ್ನ ಹಿಂದೆ ಹಗ್ಗ ಹಿಡಿದವನು

ಗಾಳಿ ಸೋಕಿತು, ದೆವ್ವ ಕಂಡಿತು ಎಂದು ಯಾರಾದರೂ ಮಾತು ತೆಗೆದರೆ ನಾನು ಎದ್ದು ಹೋಗುತ್ತಿದ್ದೆ. ಚನ್ನರಾಯಪಟ್ಟಣದಲ್ಲಿ ನನ್ನದೊಂದು ವೆಲ್ಡಿಂಗ್ ಅಂಗಡಿ ಇದೆ. ಇಪ್ಪತ್ತು ವರ್ಷಗಳಿಂದ ಸುತ್ತಲಿನ ಊರುಗಳಲ್ಲಿ ಶೆಡ್ಡು ಕಟ್ಟಿ ಶೀಟು ಹೊದಿಸುತ್ತಿದ್ದೇನೆ. ನನಗೆ ಗೊತ್ತಿದ್ದದ್ದು ಶೀಟಿನಡಿಗೆ ನುಗ್ಗಿ ಸೂರನ್ನೇ ಎತ್ತುವ ಗಾಳಿ ಮಾತ್ರ. ಅದಕ್ಕೆ ಬೋಲ್ಟು ಸಾಕು, ಮಂತ್ರ ಬೇಡ ಎಂದು ನಗುತ್ತಿದ್ದೆ. ಈಗ ಹೇಳುವುದನ್ನು ನೀವು ನಂಬಲೇಬೇಕೆಂದಿಲ್ಲ. ಬೇರೆಯವರು ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ಐದಾರು ವರ್ಷಗಳ ಹಿಂದಿನ ಮಾತು. ಹಿರೀಸಾವೆಯಿಂದ ಸ್ವಲ್ಪ ಒಳಗಿರುವ ಒಂದು ಊರಿನಲ್ಲಿ ಶಿವನಂಜಪ್ಪ ಎಂಬುವವರು ತೆಂಗಿನ ನಾರಿನ ಸಣ್ಣ ಕಾರ್ಖಾನೆ ಇಟ್ಟಿದ್ದರು. ಮೂರು ಕಡೆ ಗೋಡೆ, ಪಡುವಣ ದಿಕ್ಕಿಗೆ ಬಾಯಿ ತೆರೆದ ಉದ್ದನೆಯ ಶೆಡ್ಡು. ಅದರ ಮಾಡು ನನ್ನದೇ ಕೆಲಸ. ಒಂದು ಬೆಳಿಗ್ಗೆ ಅವರ ಫೋನು ಬಂತು.

"ಪಡುವಣ ಮೂಲೇಲಿ ಶೀಟು ಪಟಪಟ ಅಂತ ಬಡ್ಕಂತಾವೆ ಕಣಪ್ಪ. ಮಳೆ ಹಿಡಿಯಕ್ ಮುಂಚೆ ಬಂದು ನೋಡೋಗು."

ಹೋಗಲೇಬೇಕಿತ್ತು. ಆ ಮೂಲೆಯಲ್ಲಿ ಕಂಬಕ್ಕೂ, ಮಾಡನ್ನು ಹೊರುವ ಕಬ್ಬಿಣದ ಟ್ರಸ್ಸಿಗೂ ನಾಲ್ಕು ಬೋಲ್ಟು ಕೂರಿಸಬೇಕಿತ್ತು. ನಾನು ಎರಡೇ ಕೂರಿಸಿ, ಮಿಕ್ಕದ್ದನ್ನು ಆಮೇಲೆ ಹಾಕಿದರಾಯಿತು ಎಂದು ಬಂದಿದ್ದೆ. ಆ ಆಮೇಲೆ ಬಂದಿರಲೇ ಇಲ್ಲ. ಇದನ್ನು ಶಿವನಂಜಪ್ಪನವರಿಗೆ ನಾನು ಹೇಳಿರಲಿಲ್ಲ.

ಮಧ್ಯಾಹ್ನ ಮೂರರ ಹೊತ್ತಿಗೆ ಏಣಿ ಹತ್ತಿದೆ. ಶೀಟಿನ ಸ್ಕ್ರೂಗಳನ್ನು ಬಿಗಿ ಮಾಡಿ ಕಂಬದ ಹತ್ತಿರ ಬರುವಷ್ಟರಲ್ಲಿ ಪಶ್ಚಿಮದ ಆಕಾಶ ಕೆಂಪು ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ತೆಂಗಿನ ಮರಗಳ ತಲೆಗಳೆಲ್ಲ ಒಂದೇ ಸಲ ಒಂದೇ ಕಡೆಗೆ ಬಾಗಿದವು. ಇಳಿದು ಒಳಗೆ ಓಡಿದೆ. ಒಳಗೆ ಐದು ಜನ ಹೆಂಗಸರು ನಾರು ಬಿಡಿಸುತ್ತಿದ್ದರು. ಶಿವನಂಜಪ್ಪನವರು ಮೋಟರು ಆರಿಸಲು ಹೊರಗೆ ಹೋದರು.

ಆಮೇಲಿನದು ಕಣ್ಣು ಮಿಟುಕಿಸುವುದರಲ್ಲಿ ನಡೆಯಿತು. ತೆರೆದ ಬಾಯಿಯಿಂದ ಗಾಳಿ ಶೆಡ್ಡಿನೊಳಕ್ಕೆ ನುಗ್ಗಿತು. ಮೂಡಣ ತುದಿಯ ಶೀಟುಗಳು ಗುಂಡು ಹೊಡೆದಂತೆ ಸದ್ದು ಮಾಡುತ್ತಾ ಕಿತ್ತು ಹಾರಿದವು. ಒಂದು ಶೀಟು ಅಂಗಳದ ತೆಂಗಿನ ಮರಕ್ಕೆ ಕತ್ತಿಯ ಹಾಗೆ ಕಚ್ಚಿಕೊಂಡು ನಿಂತಿತು. ಇನ್ನೊಂದು ಶಿವನಂಜಪ್ಪನವರ ತೋಳನ್ನು ಸೀಳಿಕೊಂಡು ಹೋಯಿತು. ಅವರು ಮೋಟರು ಕೋಣೆಯ ಬಾಗಿಲಲ್ಲಿ ಬಿದ್ದದ್ದನ್ನು ನಾನು ಕಣ್ಣಾರೆ ಕಂಡೆ. ಒಬ್ಬಳು ಚೀರುತ್ತಾ ಹೊರಗೆ ಓಡಲು ಎದ್ದಳು. ಹಿರಿಯವಳಾದ ಜಯಮ್ಮ ಅವಳ ಸೆರಗು ಹಿಡಿದೆಳೆದಳು.

"ಓಡ್ಬ್ಯಾಡ ಕಣವ್ವಾ, ಕತ್ತು ಕುಯ್ದಾಕ್ಬುಡ್ತಾವೆ! ಕುಂತ್ಕೊ!"

ಐವರೂ ಹಿಂದಿನ ಗೋಡೆಗೆ ಆನಿಸಿದ್ದ ನಾರಿನ ಮೂಟೆಗಳ ನಡುವೆ ತಲೆ ಹುದುಗಿಸಿದರು. ಅಷ್ಟರಲ್ಲಿ ಪಡುವಣ ಮೂಲೆಯ ಆ ಎರಡು ಬೋಲ್ಟುಗಳು ಮುರಿದವು. ಟ್ರಸ್ಸು ಕಂಬದಿಂದ ಗೇಣುದ್ದ ಮೇಲೆದ್ದು ಮತ್ತೆ ಧಡ್ ಎಂದು ಕುಕ್ಕಿತು. ಪ್ರತಿ ಸಲ ಕುಕ್ಕಿದಾಗಲೂ ಪಕ್ಕದ ಗೋಡೆಯ ಬಿರುಕು ಹಿಂದಿನ ಗೋಡೆಯ ಕಡೆಗೆ ಓಡಿತು. ಮಾಡು ಪೂರ್ತಿ ಎದ್ದರೆ ಗೋಡೆ ಆ ಐವರ ಮೇಲೆಯೇ ಬೀಳುವುದಿತ್ತು.

ಪಕ್ಕದಲ್ಲಿ ಹೊಸೆದಿಟ್ಟಿದ್ದ ದಪ್ಪ ನಾರಿನ ಹಗ್ಗವಿತ್ತು. ಅದನ್ನು ಟ್ರಸ್ಸಿನ ಕೆಳಗಿನ ಪೈಪಿನ ಮೇಲೆ ಎಸೆದು ಎರಡೂ ತುದಿ ಸೇರಿಸಿ ಜೋತುಬಿದ್ದೆ. ನನ್ನ ಹಿಂದೆ, ನಾಲ್ಕು ಹೆಜ್ಜೆ ಆಚೆ, ನಾರಿನ ಮೂಟೆ ಒತ್ತುವ, ನೆಲಕ್ಕೆ ಹೂತ ಕಬ್ಬಿಣದ ಯಂತ್ರವಿತ್ತು. ಅದರ ಕಾಲಿಗೆ ಕಟ್ಟಬೇಕಿತ್ತು. ಆದರೆ ಒಂದು ಕೈ ಬಿಟ್ಟರೂ ಹಗ್ಗ ಜಾರುತ್ತಿತ್ತು. ಗಾಳಿ ಎತ್ತಿದಾಗ ನನ್ನ ಕಾಲು ನೆಲ ಬಿಟ್ಟಿತು. ಅಂಗೈಯ ಚರ್ಮ ಸುಲಿದು ಹಗ್ಗ ರಕ್ತದಲ್ಲಿ ನೆನೆಯಿತು. ಮುಗಿಯಿತು ಎಂದುಕೊಂಡೆ.

ಆಗ ಹಿಂದಿನಿಂದ ಯಾರೋ ಹಗ್ಗ ಹಿಡಿದರು. ಜಗ್ಗಿದ ರಭಸಕ್ಕೆ ನನ್ನ ಕಾಲು ಮತ್ತೆ ನೆಲ ಮುಟ್ಟಿತು. ಒಂದು ಭುಜ ನನ್ನ ಬೆನ್ನಿಗೆ ಒತ್ತಿತ್ತು. ಬಿಸಿಯುಸಿರು ಕತ್ತಿಗೆ ತಾಗುತ್ತಿತ್ತು. ಕಿವಿಯ ಹತ್ತಿರವೇ ಗಂಡು ದನಿ.

"ಬುಡ್ಬ್ಯಾಡ ಕಣ್ಲಾ. ಈಗ್ ಬತ್ತದೆ, ಕಾಲು ಊರ್ಕೊ."

ಹೇಳಿದ ಮೇಲೆ ಗಾಳಿ ಬಂತು. ಹೇಳುವ ಮುಂಚೆ ಅಲ್ಲ, ಹೇಳಿದ ಮೇಲೆ. ಹಾಗೆ ನಾಲ್ಕೈದು ಸಲ. "ಈಗ್ ಬತ್ತದೆ" ಎನ್ನುವುದು, ನಾನು ಕಾಲೂರುವುದು, ಮರುಕ್ಷಣವೇ ಮಾಡು ಗರಗರನೆ ಎದ್ದು ನಮ್ಮಿಬ್ಬರ ಬಲಕ್ಕೆ ಮತ್ತೆ ಕೂರುವುದು. ತಿರುಗಿ ನೋಡಲು ನನಗೆ ಪುರುಸೊತ್ತಿರಲಿಲ್ಲ.

ಕೊನೆಗೆ ದಪ್ಪ ಹನಿಯ ಮಳೆ ಸುರಿಯಿತು, ಗಾಳಿ ಸತ್ತಿತು. "ಸಾಕು, ಬುಡ್ಲಾ ಇನ್ನ" ಎಂದಿತು ದನಿ. ಬಿಡಲು ನನಗೆ ಆಗಲಿಲ್ಲ, ಬೆರಳುಗಳು ಸೆಟೆದುಹೋಗಿದ್ದವು. ಯಾರೋ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ತಣ್ಣನೆಯ, ಒರಟಾದ ಬೆರಳುಗಳು.

ತಿರುಗಿದರೆ ಯಾರೂ ಇರಲಿಲ್ಲ. ಹಗ್ಗದ ತುದಿಗಳು ಯಂತ್ರದ ಕಾಲಿಗೆ ಎರಡು ಸುತ್ತು ಸುತ್ತಿ ಗಂಟು ಬಿದ್ದಿದ್ದವು. ನಾನು ಹಾಕುವ ಗಂಟಲ್ಲ ಅದು. ಬಿಚ್ಚಲು ಬಾರದೆ ಮಾರನೆಯ ದಿನ ಮಚ್ಚಿನಲ್ಲಿ ಕಡಿದೆವು.

ಹೆಂಗಸರಿಗೆ ಏನೂ ಆಗಿರಲಿಲ್ಲ. ಶಿವನಂಜಪ್ಪನವರನ್ನು ಟಾರ್ಪಾಲಿನಲ್ಲಿ ಹೊತ್ತು ರಸ್ತೆಗೆ ತಂದು ಆಸ್ಪತ್ರೆಗೆ ಸಾಗಿಸಿದೆವು. ತೋಳು ಉಳಿಯಿತು. ಎರಡೇ ಬೋಲ್ಟಿನ ಸಂಗತಿಯನ್ನು ಆಸ್ಪತ್ರೆಯ ಹಾಸಿಗೆಯ ಪಕ್ಕ ನಿಂತು ಅವರಿಗೆ ಹೇಳಿದೆ. ಅವರು "ಐದು ಜನ ಇದ್ರಲ್ಲಪ್ಪ ಒಳಗೆ" ಎಂದರು. ಅಷ್ಟೇ ಅಂದದ್ದು. ಇವತ್ತಿಗೂ ಅವರ ಮುಖವನ್ನು ನೇರವಾಗಿ ನೋಡಲು ನನಗೆ ಆಗುವುದಿಲ್ಲ.

ಹಗ್ಗ ಹಿಡಿದವರು ಯಾರು ಎಂದು ಜಯಮ್ಮನನ್ನು ಕೇಳಿದೆ. "ನೀವೊಬ್ರೇ ಇದ್ದುದ್ದು ಸಾ. ಒಬ್ಬೊಬ್ರೇ ಅದೇನೋ ಮಾತಾಡ್ಕಂತಿದ್ರಿ" ಎಂದಳು. ಜೀವಭಯದಲ್ಲಿ ಮನಸ್ಸು ಹಾಗೆಲ್ಲ ಆಡಿಸುತ್ತದೆ, ಗಂಟನ್ನೂ ನೀನೇ ಹಾಕಿ ಮರೆತಿರುತ್ತೀಯ ಎಂದು ನನ್ನ ಭಾವಮೈದುನ ಹೇಳಿದ. ಇರಬಹುದು. ಗಾಳಿ ಬರುವ ಮುಂಚೆಯೇ ಮನಸ್ಸಿಗೆ ಹೇಗೆ ತಿಳಿಯಿತು ಎಂಬುದೊಂದು ಬಗೆಹರಿಯಲಿಲ್ಲ. ಆದರೂ ನಾನು ಅವನ ಮಾತನ್ನೇ ಒಪ್ಪಿಕೊಂಡಿದ್ದೆ.

ಹೋದ ವರ್ಷ ಹಿರೀಸಾವೆಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ, ಅಂದು ಹೊರಗೆ ಓಡಲು ಎದ್ದಿದ್ದ ಆ ಹೆಂಗಸು ಸಿಕ್ಕಳು. ಗೌರಮ್ಮ ಎಂದು ಅವಳ ಹೆಸರು. ನಾನು ಏನನ್ನೂ ಕೇಳಿರಲಿಲ್ಲ. ಅದೂ ಇದೂ ಮಾತಾಡುತ್ತಾ ಅವಳಾಗಿಯೇ ಕೇಳಿದಳು.

"ಅವತ್ತು ನಿಮ್ಜೊತೆ ಬಂದಿದ್ನಲ್ಲ ಸಾ, ತಲೆಗೆ ಟವಲ್ ಸುತ್ಕಂಡಿದ್ದೋನು, ಆವಯ್ಯ ಒಂದ್ ಲೋಟ ನೀರೂ ಕುಡೀದೆ ಮಳೇಲೇ ಒಂಟೋಗ್ಬುಟ್ಟ. ಯಾವೂರೋನು ಸಾ ಅವ್ನು?"

ಗೊತ್ತಿಲ್ಲ ಕಣಮ್ಮ, ಎಂದೆ.